ಬ್ಯಾಕ್ಟೀರಿಯಾಕ್ಕೆ ನೀರು ಬೇಕು, ಬೂಷ್ಟಿಗೆ ಪಸೆ ಸಾಕು

ಗೊಬ್ಬರದ ಅಂಗಡಿಗಳಲ್ಲೂ ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲೂ ಈಗ ಒಂದು ಮಾತು ಓಡಾಡುತ್ತಿದೆ. ಬೆಳೆಯ ಬೂಷ್ಟಿಗೂ ಅದರ ವಿಷಕ್ಕೂ ಇನ್ನು ಹೆದರಬೇಕಾಗಿಲ್ಲವಂತೆ. ಒಳ್ಳೆಯ ಬ್ಯಾಕ್ಟೀರಿಯಾ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ನೀರಿಗೆ ಕಲಸಿ ಬುಡಕ್ಕೆ ಎರೆದರೆ ಆಯಿತಂತೆ. ಈ ಮಾತಿನಲ್ಲಿ ಅರ್ಧ ಸತ್ಯ ಉಂಟು. ಆ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಉಳಿದ ಅರ್ಧ ಇರುವುದು ನಮ್ಮ ಅಂಗಳದಲ್ಲಿ, ಗೋದಾಮಿನಲ್ಲಿ, ತಕ್ಕಡಿಯ ಪಕ್ಕದಲ್ಲಿ. ಅದನ್ನು ಯಾವ ಬ್ಯಾಕ್ಟೀರಿಯಾವೂ ಮಾಡಿಕೊಡುವುದಿಲ್ಲ. ಕೊಪ್ಪರ, ಅಡಿಕೆ, ಕರಿಮೆಣಸು ಕೊಳ್ಳುವ ಕೈಗಳಲ್ಲಿ ನಮ್ಮ ಬ್ಯಾರಿಗಳ ಕೈ ಬಹಳ ಇರುವುದರಿಂದ ಈ ಮಾತನ್ನು ನಾವೇ ನಮ್ಮೊಳಗೆ ಆಡಿಕೊಳ್ಳಬೇಕು ಅಂತ ನನಗನಿಸುತ್ತದೆ.

ಮೊದಲು ವಿಷದ ವಿಚಾರ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ರೋಗ ಯಾವುದೆಂದು ಗೊತ್ತಾಗದೆ ಅದನ್ನು ‘ಟರ್ಕಿ ಎಕ್ಸ್’ ಎಂದು ಕರೆದರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲಿನಿಂದ ತರಿಸಿದ ನೆಲಕಡಲೆ ಹಿಂಡಿ. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಒಂದು ವಿಷವನ್ನು ಮಾಡಿ ಇಟ್ಟಿತ್ತು. ಆಸ್ಪರ್ಜಿಲಸ್‌ನ ‘ಅ’, ಫ್ಲೇವಸ್‌ನ ‘ಫ್ಲಾ’ ಸೇರಿ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು.

ಅದು ಕೋಳಿಗಳ ಕತೆ ಎಂದು ಬಿಡುವಂತಿಲ್ಲ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳವನ್ನೇ ತಿಂದ ಜನರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ಜೋಳ ತಿಂದ ನಾಯಿಗಳೂ ಸತ್ತವು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹಿಡಿಯಿತು. ಅಲ್ಲಿ ಬೂಷ್ಟು ಬೇರೆ, ವಿಷದ ಹೆಸರು ಫ್ಯುಮೊನಿಸಿನ್. ಎರಡು ಕಡೆಯೂ ಕಾರಣ ಒಂದೇ: ಒಣಗಬೇಕಾದದ್ದು ಒಣಗಲಿಲ್ಲ, ಬೇರೆ ಧಾನ್ಯ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ.

ಒಮ್ಮೆಲೇ ಹೆಚ್ಚು ತಿಂದವರಿಗೆ ಹೀಗಾಗುತ್ತದೆ. ದಿನಾ ಚೂರು ಚೂರು ತಿಂದವರಿಗೆ ಏನೂ ಕಾಣಿಸುವುದಿಲ್ಲ. ಆದರೆ ಅಫ್ಲಾಟಾಕ್ಸಿನ್ ಪಿತ್ತಜನಕಾಂಗಕ್ಕೆ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಯಲ್ಲೇ ಇಟ್ಟಿದೆ. ದೇಹದಲ್ಲಿ ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ ಅಪಾಯ ಹಲವು ಪಟ್ಟು ಹೆಚ್ಚು. ಹುಟ್ಟಿದ ಮಗುವಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯನ್ನು ತಪ್ಪಿಸಬೇಡಿ ಎಂದು ಹೇಳಲು ಇದೂ ಒಂದು ಕಾರಣ. ಇನ್ನೊಂದು ಮಾತು: ಈ ವಿಷ ನಮ್ಮ ಒಲೆಯ ಬೆಂಕಿಗೆ ಸಾಯುವುದಿಲ್ಲ. ಬೇಯಿಸಿದರೆ, ಹುರಿದರೆ ಬೂಷ್ಟು ಸಾಯಬಹುದು, ವಿಷ ಬಹುಪಾಲು ಹಾಗೆಯೇ ಉಳಿಯುತ್ತದೆ. ಬೂಷ್ಟನ್ನು ಬಟ್ಟೆಯಲ್ಲಿ ಒರೆಸಿದರೆ ಕಣ್ಣಿಗೆ ಕಾಣುವುದು ಮಾತ್ರ ಹೋಗುತ್ತದೆ.

ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡೆ ಮೆಕ್ಕೆಜೋಳ, ನೆಲಕಡಲೆ ಅಷ್ಟಾಗಿ ಇಲ್ಲ. ನಮ್ಮಲ್ಲಿ ಈ ವಿಷದ ಮುಖ್ಯ ದಾರಿ ಕೊಪ್ಪರ. ಹಸಿ ತೆಂಗಿನಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದು ಶೇ. 6ಕ್ಕೆ ಇಳಿಯಬೇಕು. ಒಳ್ಳೆಯ ಬಿಸಿಲಿದ್ದರೆ ಒಂದು ವಾರದ ಹತ್ತಿರ ಹಿಡಿಯುತ್ತದೆ. ನಡುವೆ ಎರಡು ದಿನ ಮೋಡ ಮುಸುಕಿದರೆ ಸಾಕು, ಅರ್ಧ ಒಣಗಿದ ಹೋಳುಗಳ ಮೇಲೆ ಹಳದಿ-ಹಸಿರು ಬೂಷ್ಟು ಏಳುತ್ತದೆ.

ಆ ಕೊಪ್ಪರ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ವ್ಯಾಪಾರದವರಿಗೆಲ್ಲ ಗೊತ್ತು. ಎಸೆಯುವುದಂತೂ ಇಲ್ಲ. ಅಡಿಕೆಯಲ್ಲಿ ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಬೇರೆ ರಾಶಿ ಇರುವ ಹಾಗೆ ಕೊಪ್ಪರದಲ್ಲೂ ಕೆಟ್ಟದ್ದಕ್ಕೆ ಅದರದ್ದೇ ಒಂದು ದರ ಉಂಟು. ಅದು ಮಿಲ್ಲಿಗೆ ಹೋಗುತ್ತದೆ. ಎಣ್ಣೆ ತೆಗೆದ ಮೇಲೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಹಸುವಿಗೆ. ಹಸು ತಿಂದ ಅಫ್ಲಾಟಾಕ್ಸಿನ್ನಿನಲ್ಲಿ ಸುಮಾರು ಶೇ. 1ರಿಂದ 6ರಷ್ಟು ಒಂದೆರಡು ದಿನದೊಳಗೆ ಎಂ1 ಎಂಬ ಇನ್ನೊಂದು ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಹಾಲು ಮಗುವಿಗೆ. ಕಾಯಿಸಿದರೂ ಅದು ಹೋಗುವುದಿಲ್ಲ.

ಇದು ನನ್ನ ಕಲ್ಪನೆಯ ಸರಪಳಿ ಎಂದು ಯಾರಿಗಾದರೂ ಅನಿಸಿದರೆ 2019ರಲ್ಲಿ ಬಂದ ರಾಷ್ಟ್ರೀಯ ಹಾಲು ಸಮೀಕ್ಷೆಯ ವರದಿ ನೋಡಬಹುದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 6,432 ಮಾದರಿಗಳನ್ನು ಪರೀಕ್ಷಿಸಿತು. 368ರಲ್ಲಿ, ಅಂದರೆ ಶೇ. 5.7ರಲ್ಲಿ, ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಹೆಚ್ಚಾಗಿ ಕಂಡ ಮೂರು ಕಡೆಗಳು ತಮಿಳುನಾಡು, ದೆಹಲಿ ಮತ್ತು ನಮ್ಮ ಕೇರಳ. ಹಾಲಿಗೆ ನೀರು ಬೆರೆಸುತ್ತಾರೆ, ಯೂರಿಯಾ ಬೆರೆಸುತ್ತಾರೆ ಎಂದು ನಾವು ಬೈಯುತ್ತೇವೆ. ಇಲ್ಲಿ ಹಾಲಿನವನು ಏನನ್ನೂ ಬೆರೆಸಿಲ್ಲ. ಮೇವಿನಲ್ಲೇ ಬಂದದ್ದು ಅದು.

ಈಗ ಬ್ಯಾಕ್ಟೀರಿಯಾದ ಮಾತಿಗೆ ಬರೋಣ. ತೋಟ ಗದ್ದೆ ಇದ್ದವರಿಗೆ ಸ್ಯೂಡೋಮೊನಾಸ್ ಹೊಸ ಹೆಸರಲ್ಲ. ಟಾಲ್ಕ್ ಪುಡಿಯಲ್ಲಿ ಬರುವ ಸ್ಯೂಡೋಮೊನಾಸ್ ಫ್ಲೋರೊಸೆನ್ಸ್ ಅನ್ನು ಲೀಟರಿಗೆ 20 ಗ್ರಾಂ ಕಲಸಿ ಸಿಂಪಡಿಸುವುದು ಕೇರಳದಲ್ಲಿ ವಾಡಿಕೆ. ಅದರ ಜೊತೆಗೆ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳೂ ಉಂಟು. ಇವು ಕೆಲಸ ಮಾಡುವ ಬಗೆ ಕೇಳಿದರೆ ಯಾರಿಗಾದರೂ ಖುಷಿಯಾಗುತ್ತದೆ. ಬೇರಿನ ಮೇಲೆ, ಬೀಜದ ಸಿಪ್ಪೆಯ ಮೇಲೆ ಇವು ಮೊದಲೇ ಹೋಗಿ ಜಾಗ ಹಿಡಿಯುತ್ತವೆ. ಬೂಷ್ಟಿಗೆ ಬೇಕಾದ ಕಬ್ಬಿಣದ ಅಂಶವನ್ನು ತಾವು ಎಳೆದುಕೊಳ್ಳುತ್ತವೆ. ಬ್ಯಾಸಿಲಸ್ ಸ್ರವಿಸುವ ಇಟುರಿನ್, ಫೆಂಜಿಸಿನ್ ಮುಂತಾದ ವಸ್ತುಗಳು ಬೂಷ್ಟಿನ ಕೋಶದ ಪೊರೆಯನ್ನೇ ತೂತು ಮಾಡುತ್ತವೆ. ಗಿಡಕ್ಕೂ ಎಚ್ಚರ ಬಂದು ಅದು ತನ್ನ ರಕ್ಷಣೆಯನ್ನು ತಾನು ಬಿಗಿ ಮಾಡಿಕೊಳ್ಳುತ್ತದೆ. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ನೆಲಕಡಲೆಯ ಅಫ್ಲಾಟಾಕ್ಸಿನ್ ತಗ್ಗಿಸಲು ಇಂಥ ಸೂಕ್ಷ್ಮಜೀವಿಗಳನ್ನು ಪ್ರಯೋಗಿಸಿದ್ದಾರೆ. ನೆಲಕಡಲೆ ಮಣ್ಣಿನೊಳಗೇ ಕಾಯಿ ಬಿಡುವ ಬೆಳೆ, ಬೂಷ್ಟಿನ ಮನೆಯೂ ಮಣ್ಣೇ. ಆದ್ದರಿಂದ ಅಲ್ಲಿ ಈ ಜಗಳವನ್ನು ಮಣ್ಣಿನಲ್ಲೇ ಹೂಡುವುದು ಸರಿ.

ಇನ್ನೊಂದು ಬಗೆಯೂ ಉಂಟು. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಕುಟುಂಬದ ಕೆಲವು ತಳಿಗಳು ಅಫ್ಲಾಟಾಕ್ಸಿನ್ನನ್ನು ತಮ್ಮ ಕೋಶದ ಗೋಡೆಗೆ ಅಂಟಿಸಿಕೊಂಡು ಹಿಡಿದಿಡುತ್ತವೆ. ಫಿನ್‌ಲೆಂಡಿನ ವಿಜ್ಞಾನಿಗಳು 1990ರ ದಶಕದಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದರು. ಸತ್ತ ಬ್ಯಾಕ್ಟೀರಿಯಾವೂ ಹೀಗೆ ಹಿಡಿಯುತ್ತದೆ ಎಂಬುದು ಅದರಲ್ಲಿ ಸೋಜಿಗ. ಆದರೆ ಹಿಡಿದದ್ದರಲ್ಲಿ ಸ್ವಲ್ಪ ಮತ್ತೆ ಬಿಟ್ಟುಹೋಗುತ್ತದೆ. ದೋಸೆ ಹಿಟ್ಟು ಹುಳಿ ಬರುವುದೂ ಇಂಥ ಬ್ಯಾಕ್ಟೀರಿಯಾದಿಂದಲೇ ಅಲ್ಲವೇ, ಹಾಗಾದರೆ ಬೂಷ್ಟು ಹಿಡಿದ ಅಕ್ಕಿಯನ್ನು ಅರೆದು ಹುಳಿ ಬರಿಸಿದರೆ ಆಗದೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಆಗದು. ಒಂದು ಗೊತ್ತಾದ ತಳಿ, ಗೊತ್ತಾದ ಅಳತೆಯಲ್ಲಿ ಮಾಡುವ ಕೆಲಸವನ್ನು ನಮ್ಮ ಅಡಿಗೆಮನೆಯ ಪಾತ್ರೆಯ ತಲೆಗೆ ಕಟ್ಟಬಾರದು.

ಒಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ಅಫ್ಲಾಟಾಕ್ಸಿನ್ ವಿರುದ್ಧ ಹೊಲಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಗೆದ್ದ ಜೈವಿಕ ಉಪಾಯ ಬ್ಯಾಕ್ಟೀರಿಯಾ ಅಲ್ಲ. ಆಫ್ರಿಕದ ದೇಶಗಳಲ್ಲಿ ‘ಅಫ್ಲಾಸೇಫ್’ ಎಂಬ ಹೆಸರಿನಲ್ಲಿ ಹರಡುತ್ತಿರುವುದು ಅದೇ ಆಸ್ಪರ್ಜಿಲಸ್ ಬೂಷ್ಟಿನ ವಿಷ ಮಾಡಲಾರದ ತಳಿ. ಅದನ್ನು ಹೊಲಕ್ಕೆ ಎರಚಿದರೆ ವಿಷದ ತಳಿಗೆ ಜಾಗ ಸಿಗದೆ ಹಿಂದೆ ಸರಿಯುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ. ಆ ಯಶಸ್ಸಿನ ಸುದ್ದಿಯನ್ನು ತಂದು ನಮ್ಮ ಅಂಗಡಿಯ ಬ್ಯಾಕ್ಟೀರಿಯಾ ಪ್ಯಾಕೆಟ್ಟಿಗೆ ಅಂಟಿಸುವುದು ಸರಿಯಲ್ಲ. ಹಾಗೆಯೇ ನಮ್ಮ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ತೆಂಗಿನ ಸಸಿಗಳಿಗಾಗಿ ‘ಕೇರ ಪ್ರೊಬಯೋ’ ಎಂಬ ಬ್ಯಾಸಿಲಸ್ ಪುಡಿಯನ್ನು ತಯಾರಿಸಿದೆ. ಅದು ಸಸಿಗೆ ಬಲ ಕೊಡುವುದಕ್ಕೆ. ಕೊಪ್ಪರದ ಬೂಷ್ಟಿಗೂ ಅದಕ್ಕೂ ಸಂಬಂಧವಿಲ್ಲ. ಬ್ಯಾಕ್ಟೀರಿಯಾ ಎಂದರೆ ಎಲ್ಲ ರೋಗಕ್ಕೂ ಒಂದೇ ಕಷಾಯವಲ್ಲ. ಒಂದೊಂದಕ್ಕೆ ಒಂದೊಂದು ಕೆಲಸ.

ಇನ್ನು ನನ್ನ ಮುಖ್ಯ ಮಾತು. ಬ್ಯಾಕ್ಟೀರಿಯಾ ಬದುಕಿ ಕೆಲಸ ಮಾಡಬೇಕಾದರೆ ನೀರು ಚೆನ್ನಾಗಿ ಇರಬೇಕು. ಬೂಷ್ಟಿಗೆ ಅಷ್ಟು ನೀರು ಬೇಡ, ಪಸೆ ಇದ್ದರೆ ಸಾಕು. ಒದ್ದೆ ಮಣ್ಣಿನಲ್ಲಿ, ಜೀವಂತ ಬೇರಿನ ಸುತ್ತ ಬ್ಯಾಕ್ಟೀರಿಯಾ ಗೆಲ್ಲಬಲ್ಲದು. ಅದೇ ಕೊಪ್ಪರವೋ ಧಾನ್ಯವೋ ಅರ್ಧ ಒಣಗಿದಾಗ ಬ್ಯಾಕ್ಟೀರಿಯಾ ನಿದ್ದೆಗೆ ಜಾರುತ್ತದೆ. ಆಗ ಆಸ್ಪರ್ಜಿಲಸ್‌ಗೆ ಎದುರಾಳಿಯೇ ಇಲ್ಲ. ಕೊಪ್ಪರದ ಕತೆ ಪೂರ್ತಿ ನಡೆಯುವುದು ಈ ಅರ್ಧ ಒಣಗಿದ ದಿನಗಳಲ್ಲಿ. ಆ ದಿನಗಳನ್ನು ಬೇಗ ದಾಟಿಸುವುದೊಂದೇ ಉಪಾಯ. ಅದಕ್ಕೆ ಬೇಕಾದದ್ದು ಬಿಸಿ, ಗಾಳಿ, ನೆಲದಿಂದ ಎತ್ತರದಲ್ಲಿ ಒಂದು ಜಾಗ.

ಹಿಂದೆ ಈ ಜಾಗ ಪ್ರತಿ ಮನೆಯಲ್ಲೂ ಇತ್ತು. ಅದರ ಹೆಸರು ಅಟ್ಟ. ಕೆಳಗೆ ಸೌದೆಯ ಒಲೆ ಉರಿಯುತ್ತಿದ್ದಾಗ ಮೇಲೆ ಹೊಗೆಯಲ್ಲಿ ತೆಂಗಿನಕಾಯಿಯೂ ಬೀಜವೂ ಮಳೆಗಾಲ ಕಳೆಯುತ್ತಿದ್ದವು. ‘ನಾವೆಲ್ಲ ಇದನ್ನೇ ತಿಂದು ಬೆಳೆದವರು, ನಮಗೇನಾಯಿತು?’ ಎಂದು ಕೇಳುವ ಹಿರಿಯರಿಗೆ ನಾನು ಹೇಳುವುದು ಇಷ್ಟೇ: ನೀವು ಹೊಗೆ ಕೊಟ್ಟ ಅಟ್ಟದ್ದನ್ನು ತಿಂದವರು. ಈಗ ಗ್ಯಾಸ್ ಒಲೆ ಬಂದಿದೆ, ಹೆಂಗಸರ ಕಣ್ಣಿಗೂ ಎದೆಗೂ ಅದು ಒಳ್ಳೆಯದೇ ಆಯಿತು. ಅಟ್ಟದ ಕೆಲಸವನ್ನು ಯಾರು ಮಾಡಬೇಕು ಎಂದು ಮಾತ್ರ ಯಾರೂ ಯೋಚಿಸಲಿಲ್ಲ. ಕಾಂಕ್ರೀಟು ತಾರಸಿ ಬಿಸಿಲಿದ್ದಾಗ ಒಳ್ಳೆಯದು, ಮಳೆ ಬಂದರೆ ಅದರಂಥ ತೇವದ ಜಾಗ ಇನ್ನೊಂದಿಲ್ಲ.

ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಂದರ ಕತೆ ಮದ್ರಸಕ್ಕೆ ಹೋದವರಿಗೆಲ್ಲ ನೆನಪಿರುತ್ತದೆ. ಪ್ರವಾದಿ(ಸ) ಆ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂಬ ಪ್ರಶ್ನೆ ಬಂತು. ವಂಚಿಸುವವನು ತಮ್ಮವನಲ್ಲ ಎಂಬ ಎಚ್ಚರಿಕೆಯೂ ಬಂತು. ನಾವು ಈ ಹದೀಸನ್ನು ತೂಕ, ಅಳತೆ, ಮೋಸದ ಪಾಠವೆಂದು ಕೇಳುತ್ತ ಬಂದಿದ್ದೇವೆ. ಅಫ್ಲಾಟಾಕ್ಸಿನ್ ವಿಚಾರ ತಿಳಿದ ಮೇಲೆ ನನಗೆ ಅದರಲ್ಲಿ ಕಾಣುವುದು ಆ ಒದ್ದೆ. ರಾಶಿಯ ಅಡಿಯಲ್ಲಿ ಅಡಗಿದ ಪಸೆ ದರದ ಮೋಸ ಮಾತ್ರವಲ್ಲ, ಯಾರದೋ ಮಗುವಿನ ಹಾಲಿನವರೆಗೆ ಹೋಗುವ ವಿಷ.

ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’ದಿಂದ, ವ್ಯಾಪಾರದಿಂದ ಬಂತು ಎನ್ನುವವರು ಇದ್ದಾರೆ. ನಮ್ಮಲ್ಲಿ ಹೋಟೆಲಿನ ಕೋಳಿ ಹಲಾಲ್ ಹೌದೋ ಅಲ್ಲವೋ ಎಂದು ಕೇಳದವರು ಕಡಿಮೆ. ಕೇಳಬೇಕಾದದ್ದೇ. ಆದರೆ ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಜೊತೆಗೆ ತಯ್ಯಿಬ್ ಎಂಬ ಮಾತನ್ನೂ ಹೇಳುತ್ತದೆ, ಶುದ್ಧವಾದದ್ದು, ಒಳ್ಳೆಯದು ಎಂಬ ಅರ್ಥದಲ್ಲಿ. ಬೂಷ್ಟು ಹಿಡಿದ ಕೊಪ್ಪರದ ಹಿಂಡಿ ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಜುಮಾದ ದಿನ ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ಇದನ್ನು ಬಡ ಮಾರಾಟಗಾರನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದಕ್ಕೆ ನಾನು ಒಪ್ಪುವುದಿಲ್ಲ. ಇಪ್ಪತ್ತು ತೆಂಗಿನ ಮರ ಇರುವವನ ಅರ್ಧ ಗೋಣಿ ಕೊಪ್ಪರಕ್ಕೆ ಬೂಷ್ಟು ಬಂದರೆ ಅವನಿಗೆ ಅದು ಮಕ್ಕಳ ಶಾಲೆಯ ಖರ್ಚು. ಅದನ್ನು ಸುಡು ಎಂದು ಹೇಳುವುದು ಸುಲಭ. ಹಾಗೆ ಹೇಳಿದರೆ ಒದ್ದೆ ಮತ್ತೆ ರಾಶಿಯ ಅಡಿಗೇ ಹೋಗುತ್ತದೆ. ನಷ್ಟವನ್ನು ಹಂಚಿಕೊಳ್ಳದೆ ಪ್ರಾಮಾಣಿಕತೆಯನ್ನು ಮಾತ್ರ ಕೇಳಿದರೆ ಸಿಗುವುದಿಲ್ಲ.

ಹೊರದೇಶಕ್ಕೆ ಹೋಗುವ ಸರಕಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಯುರೋಪಿನಲ್ಲಿ ಒಣ ಮೆಣಸಿನಕಾಯಿ, ಜಾಯಿಕಾಯಿ, ಕರಿಮೆಣಸಿನಂಥ ಸಂಬಾರ ಪದಾರ್ಥಗಳಿಗೆ ಒಟ್ಟು ಅಫ್ಲಾಟಾಕ್ಸಿನ್ ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ 30. ಹಾಲಿನ ಎಂ1ಕ್ಕೆ ಅಲ್ಲಿ 0.05, ಇಲ್ಲಿ 0.5. ಅಲ್ಲಿನ ಬಂದರಿನಲ್ಲಿ ಸಲ್ಲದ ಸರಕು ಇಲ್ಲಿನ ಅಂಗಡಿಯಲ್ಲಿ ಸಲ್ಲುತ್ತದೆ. ಗಲ್ಫಿಗೋ ಯುರೋಪಿಗೋ ಕಳಿಸುವವನು ಒಳ್ಳೆಯದನ್ನು ಆರಿಸಿ ಕಳಿಸುತ್ತಾನೆ, ಆರಿಸಿ ಉಳಿದದ್ದನ್ನು ನಾವು ತಿನ್ನುತ್ತೇವೆ.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಒಣಗಿಸುವ ಗೂಡು. ಚಿಪ್ಪನ್ನೇ ಉರಿಸಿ ಹೊಗೆ ತಾಗದ ಹಾಗೆ ಕೊಪ್ಪರ ಒಣಗಿಸುವ ಡ್ರೈಯರನ್ನು ಸಿಪಿಸಿಆರ್‌ಐ ಮಾಡಿ ತೋರಿಸಿದೆ. ಒಬ್ಬೊಬ್ಬರು ಕೊಳ್ಳುವುದು ಕಷ್ಟ. ಜಮಾಅತ್ ಕಮಿಟಿ, ಸಹಕಾರಿ ಬ್ಯಾಂಕು, ಕುಡುಂಬಶ್ರೀಯ ಹೆಂಗಸರ ಗುಂಪು – ಇವರಲ್ಲಿ ಯಾರಾದರೂ ವಾರ್ಡಿಗೊಂದು ಇಟ್ಟು ಬಾಡಿಗೆಗೆ ಕೊಡಬಹುದು. ಜಾತಿ ಮತ ನೋಡದೆ ಎಲ್ಲರಿಗೂ ತೆರೆದಿರಬೇಕು, ಏಕೆಂದರೆ ಹಿಂಡಿಯೂ ಹಾಲೂ ಯಾರ ಮನೆಯದೆಂದು ನೋಡಿ ಹೋಗುವುದಿಲ್ಲ.

ಎರಡನೆಯದು, ಕೊಳ್ಳುವಲ್ಲಿ ತೇವಾಂಶ ಅಳೆಯುವ ಮೀಟರು. ಈಗ ನಾವು ಹೋಳನ್ನು ಮುರಿದು ಸದ್ದು ಕೇಳಿ, ಮೂಗಿಗೆ ಹಿಡಿದು ಹೇಳುತ್ತೇವೆ. ಅನುಭವದ ಕೈ ಸುಳ್ಳು ಹೇಳುವುದಿಲ್ಲ, ಆದರೆ ಮಾರುವವನಿಗೆ ಅದು ಕಾಣುವುದಿಲ್ಲ. ಸಂಖ್ಯೆ ಇಬ್ಬರಿಗೂ ಕಾಣುತ್ತದೆ. ಶೇ. 6ರೊಳಗೆ ಒಣಗಿಸಿ ತಂದವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಮುಂದಿನ ಸಲ ಪಕ್ಕದ ಮನೆಯವನೂ ಒಣಗಿಸಿಯೇ ತರುತ್ತಾನೆ.

ಮೂರನೆಯದು, ಕೆಟ್ಟ ರಾಶಿಯನ್ನು ತಿನ್ನುವ ದಾರಿಯಿಂದ ಹೊರಗೆ ಹಾಕುವುದು. ಅದನ್ನು ಒಲೆಗೋ ಇಟ್ಟಿಗೆಯ ಭಟ್ಟಿಗೋ ಹಾಕಿ, ಹಿಂಡಿಗೆ ಮಾತ್ರ ಬೇಡ. ಅದರ ನಷ್ಟವನ್ನು ಕೊಳ್ಳುವವನು, ಮಾರುವವನು, ಸಹಕಾರಿ ಸಂಘ ಮೂವರೂ ಹಂಚಿಕೊಳ್ಳುವ ಒಂದು ಸಣ್ಣ ನಿಧಿ ಬೇಕು. ಮದುವೆ ಮನೆಗಳಿಗೆ ಪಾತ್ರೆ ಹೊಂದಿಸುವ ನಿಧಿಯನ್ನು ನಡೆಸಬಲ್ಲ ನಮ್ಮ ಊರುಗಳಿಗೆ ಇದು ದೊಡ್ಡದಲ್ಲ.

ನಾಲ್ಕನೆಯದು ಬ್ಯಾಕ್ಟೀರಿಯಾದ್ದು. ಗದ್ದೆಗೆ, ಕರಿಮೆಣಸಿನ ಬುಡಕ್ಕೆ, ತರಕಾರಿ ಬೀಜಕ್ಕೆ ಅದನ್ನು ಖಂಡಿತ ಬಳಸೋಣ. ಆದರೆ ಅದು ಜೀವ ಇರುವ ಸರಕು. ತಯಾರಾದ ದಿನ, ಬಾಳಿಕೆಯ ದಿನ ನೋಡದೆ ಕೊಂಡರೆ ಮನೆಗೆ ಬರುವುದು ಬರೀ ಟಾಲ್ಕ್ ಪುಡಿ. ಬಿಸಿಲಿಗೆ ಇಟ್ಟರೆ ಸಾಯುತ್ತದೆ. ಕೊಳೆರೋಗಕ್ಕೆಂದು ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆದ ವಾರವೇ ಅದೇ ಬುಡಕ್ಕೆ ಸ್ಯೂಡೋಮೊನಾಸ್ ಎರೆದರೆ ತಾಮ್ರಕ್ಕೆ ಅದು ಉಳಿಯುವುದು ಕಷ್ಟ. ಇಷ್ಟನ್ನು ತಿಳಿಯಲು ಪ್ಯಾಕೆಟ್ಟಿನ ಬರಹ ಓದಲು ಬರಬೇಕು. ಮಲಯಾಳ, ಇಂಗ್ಲಿಷಿನಲ್ಲಿರುವ ಆ ಬರಹ ಮಂಜೇಶ್ವರ ಕಡೆಯ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಬ್ಯಾರಿ, ತುಳು, ಕೊಂಕಣಿ ಮನೆಗಳಿಗೆ ಅರ್ಧವೇ ತಲುಪುತ್ತದೆ. ಗಡಿನಾಡಿನ ಕನ್ನಡ ಎಂದರೆ ಸಾಹಿತ್ಯ ಸಮ್ಮೇಳನದ ಮಾತು ಎಂದು ತಿಳಿದವರಿಗೆ ನಾನು ಹೇಳುವುದು, ಒಂದು ಪ್ಯಾಕೆಟ್ಟಿನ ಹಿಂಬದಿಯಲ್ಲೂ ನಮ್ಮ ಭಾಷೆಯ ಹಕ್ಕು ಉಂಟು. ಪಂಚಾಯತಿಗೆ ಮನವಿ ಕೊಡುವವರು ಇದನ್ನೂ ಸೇರಿಸಿ.

1916ರಲ್ಲೇ ತೆಂಗಿನ ಸಂಶೋಧನೆ ಶುರುವಾದ ಊರು ನಮ್ಮದು. ಪ್ರಯೋಗಾಲಯ ನಮ್ಮ ಹೆದ್ದಾರಿಯ ಬದಿಯಲ್ಲಿ, ಕೊಪ್ಪರದ ಗೋದಾಮು ನಮ್ಮ ಪೇಟೆಯಲ್ಲಿ, ಹಸುವಿನ ಹಟ್ಟಿ ನಮ್ಮ ಹಿತ್ತಿಲಿನಲ್ಲಿ. ಈ ಮೂರರ ನಡುವೆ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಈ ಮಳೆಗಾಲ ಮುಗಿದು ಕೊಪ್ಪರದ ಕೆಲಸ ಶುರುವಾಗುವ ಮೊದಲು ನಮ್ಮ ಜಮಾಅತ್ ಸಭೆಗಳಲ್ಲಿ, ವ್ಯಾಪಾರಿಗಳ ಸಂಘದಲ್ಲಿ ಒಂದು ಪ್ರಶ್ನೆ ಎತ್ತಿ ಎಂದು ಕೇಳಿಕೊಳ್ಳುತ್ತೇನೆ: ನಮ್ಮ ಊರಿನ ಕೆಟ್ಟ ಕೊಪ್ಪರ ಕೊನೆಗೆ ಯಾರ ಹೊಟ್ಟೆಗೆ ಹೋಗುತ್ತದೆ? ಉತ್ತರ ಎಲ್ಲರಿಗೂ ಗೊತ್ತು. ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿದರೆ ಗೂಡು, ಮೀಟರು, ನಿಧಿ ಎಲ್ಲ ತಾನಾಗಿ ಮಾತಿಗೆ ಬರುತ್ತವೆ.